ನನ್ನ ತಪ್ಪಿಗೆ ಬ್ರಿಸ್ಟಲಿನಲ್ಲೊಂದು ಬಟನ್

ಬಂದರ್, ಹೊರಡುವ ಮೊದಲು

ನಾಲ್ಕು ಸೆಕೆಂಡು. ನಾಲ್ಕು ಗಂಟೆ ಅಲ್ಲ, ನಾಲ್ಕು ನಿಮಿಷವೂ ಅಲ್ಲ. ಮೂವತ್ತೆರಡು ವರ್ಷ ಹುಲಿವೇಷಕ್ಕೆ ತಾಸೆ ಬಾರಿಸಿದ ನನ್ನ ಕೈಯಿಂದ ಒಬ್ಬ ಇಂಗ್ಲೆಂಡಿನ ಮನುಷ್ಯ ಆರಿಸಿಕೊಂಡದ್ದು ನಾಲ್ಕೇ ನಾಲ್ಕು ಸೆಕೆಂಡು. ಅದೂ ಎಂಥ ನಾಲ್ಕು ಸೆಕೆಂಡು? ನಾನು ತಪ್ಪಿದ ನಾಲ್ಕು ಸೆಕೆಂಡು! ಅದನ್ನು ಸರಿಮಾಡಿಸಲು ನಾನು ಬ್ರಿಸ್ಟಲ್ ಎಂಬ ಊರಿಗೆ ಹೋಗಿ ಬಂದೆ. ಸೇತುವೆ, ಗೋಪುರ, ಮ್ಯೂಸಿಯಂಗಳ ವರ್ಣನೆ ಬೇಕಾದವರು ದಯವಿಟ್ಟು ಬೇರೆ ಯಾರದಾದರೂ ಓದಿಕೊಳ್ಳಿ. ನಾನು ನೋಡಿಲ್ಲ, ನೋಡುವ ಮನಸ್ಸೂ ಇರಲಿಲ್ಲ.

ಬಂದರಿನಲ್ಲಿ ನನಗೆ ಹಗ್ಗ, ಬಲೆ, ಬೋಟಿನ ಸಾಮಾನಿನ ಅಂಗಡಿ ಇದೆ. ವರ್ಷವಿಡೀ ಹಗ್ಗ ಅಳೆಯುತ್ತೇನೆ, ನವರಾತ್ರಿ ಬಂತೆಂದರೆ ಸೊಂಟಕ್ಕೆ ತಾಸೆ ಕಟ್ಟುತ್ತೇನೆ. ತಾಸೆ ಎಂದರೆ ಬೋಗುಣಿಯಂಥ ಪಾತ್ರೆಗೆ ಆಡಿನ ಚರ್ಮ ಬಿಗಿದ ವಾದ್ಯ, ಎರಡು ತೆಳ್ಳಗಿನ ಕೋಲಿನಿಂದ ಬಾರಿಸುವುದು. ಹುಲಿಯ ಕಾಲು ಏಳುವುದೂ ಇಳಿಯುವುದೂ ತಾಸೆಯ ಪೆಟ್ಟಿಗೆ. ನನಗೆ ಕಲಿಸಿದವರು ಪಡೀಲಿನ ಐತಪ್ಪಣ್ಣ. ಎಂಬತ್ತು ದಾಟಿದೆ, ಈಗ ಮೊಣಕಾಲು ನಡೆಸುವುದಿಲ್ಲ, ಕಿವಿ ಮಾತ್ರ ಸೂಜಿಯ ಹಾಗೆ.

ಐತಪ್ಪಣ್ಣನ ಪಾಠ ಹೇಗಿತ್ತು ಎಂದು ಹೇಳದಿದ್ದರೆ ನನ್ನ ಸಿಟ್ಟು ನಿಮಗೆ ಅರ್ಥವಾಗುವುದಿಲ್ಲ. ಅಕ್ಕಿ ಗಿರಣಿಯ ಹಿಂದಿನ ಶೆಡ್ಡು, ಒಂದು ಮರದ ಬೆಂಚು, ಅದರ ಮೇಲೆ ಅವರು. ಕೈಯಲ್ಲಿ ಒಂದು ದಪ್ಪ ಕೋಲು. ನಾವು ಬಾರಿಸುವಾಗ ಒಂದು ಪೆಟ್ಟು ಆಚೀಚೆ ಆದರೂ ಸಾಕು, ಬೆಂಚಿಗೆ ಠಪ್ ಎಂದು ಬಡಿಯುತ್ತಿದ್ದರು. "ನಿಲ್ಸು. ಸುರುವಿಂದ." ಇಷ್ಟೇ ಮಾತು. ಎಲ್ಲಿ ತಪ್ಪಿತು, ಹೇಗೆ ತಪ್ಪಿತು, ಒಂದನ್ನೂ ಹೇಳುತ್ತಿರಲಿಲ್ಲ. ಸರಿಯಾಗಿ ಬಾರಿಸಿದ ದಿನ ಅದೂ ಇಲ್ಲ. ಎದ್ದು ಮನೆಗೆ ಹೋಗುತ್ತಿದ್ದರು. "ಭೇಷ್" ಎಂಬ ಮಾತು ಆ ಬಾಯಿಂದ ಹೊರಟದ್ದನ್ನು ಕೇಳಿದವರು ಮಂಗಳೂರಿನಲ್ಲಿ ಒಬ್ಬರೂ ಇಲ್ಲ. ಮೆರವಣಿಗೆಗೆ ಇಳಿದ ಮೇಲೆ ಅವರದ್ದು ಒಂದೇ ಕಟ್ಟಳೆ: ಹುಲಿ ಕುಣಿಯುತ್ತಿರುವಾಗ ಆಕಾಶವೇ ಬಿದ್ದರೂ ತಾಸೆ ನಿಲ್ಲಕೂಡದು.

ಎರಡು ವರ್ಷದ ಹಿಂದೆ ನವರಾತ್ರಿಗೆ ಡೆಸ್ಮಂಡ್ ಎಂಬ ಆ ಇಂಗ್ಲೆಂಡಿನವನು ಮೈಕು ಹಿಡಿದುಕೊಂಡು ನಮ್ಮ ತಂಡದ ಹಿಂದೆ ಇಡೀ ದಿನ ಸುತ್ತಿದ. ಐವತ್ತರ ಪ್ರಾಯ, ಕಪ್ಪು ಮೈಬಣ್ಣ, ನಮ್ಮವರಷ್ಟೇ ಬೆವರುತ್ತಿದ್ದ. ಪಾಪ ಎಂದು ನಾನೇ ಎಳನೀರು ಕುಡಿಸಿದೆ. ಅಂದು ಮೀನು ಮಾರ್ಕೆಟ್ಟಿನ ಎದುರು ಹುಲಿ ಸುತ್ತು ತಿರುಗುವ ಹೊತ್ತಿಗೆ, ಮೀನಿನ ಪೆಟ್ಟಿಗೆಯಿಂದ ಸುರಿದ ಐಸಿನ ನೀರಿನ ಮೇಲೆ ನನ್ನ ಬರಿಗಾಲು ಜಾರಿತು. ಒಂದು ಮೊಣಕಾಲು ನೆಲಕ್ಕೆ ತಾಗಿತು. ಎಡಗೈಯ ಪೆಟ್ಟು ತಡವಾಯಿತು, ಅದನ್ನು ಮುಚ್ಚಲು ಬಲಗೈ ಎರಡು ಗಡಿಬಿಡಿಯ ಪೆಟ್ಟು ಹಾಕಿತು. ಎದ್ದೆ, ಮುಂದುವರಿಸಿದೆ. ಯಾರಿಗೂ ಗೊತ್ತಾಗಲಿಲ್ಲ ಎಂದುಕೊಂಡಿದ್ದೆ.

ಈ ವರ್ಷ ಒಂದು ಬೆಳಗ್ಗೆ ಪಕ್ಕದ ಅಂಗಡಿಯ ಹಮೀದ್ ಹಾಜಿಯವರು ಫೋನು ಹಿಡಿದುಕೊಂಡು ಬಂದರು. ದುಬೈಯಿಂದ ಅವರ ಅಳಿಯ ಕಳಿಸಿದ್ದಂತೆ.

"ಜಯಕರಣ್ಣ, ಇದು ನಿಮ್ಮ ತಾಸೆ ಅಲ್ವಾ? ಅಲ್ಲಿ ಪಾರ್ಟಿಯಲ್ಲಿ ಎಲ್ಲ ಇದಕ್ಕೇ ಕುಣಿಯುವುದಂತೆ ಮಾರಾಯ್ರೇ!"

ಕೇಳಿದೆ. ನನ್ನದೇ. ಎಡಗೈ ತಡ, ಬಲಗೈಯ ಎರಡು ಗಡಿಬಿಡಿ. ಮತ್ತೆ ಎಡಗೈ ತಡ, ಮತ್ತೆ ಎರಡು ಗಡಿಬಿಡಿ. ನನ್ನ ತಪ್ಪನ್ನು ಕತ್ತರಿಸಿ, ಓಟ ಹೆಚ್ಚಿಸಿ, ಬಾಲಕ್ಕೆ ತಲೆ ಅಂಟಿಸಿ ಆರು ನಿಮಿಷ ಓಡಿಸಿದ್ದಾರೆ. ಅಡಿಯಲ್ಲಿ ನನ್ನ ಹೆಸರು ಬೇರೆ! ಹೆಸರು ಹಾಕದೆ ಕದ್ದಿದ್ದರೆ ನಾನು ಕೈಮುಗಿಯುತ್ತಿದ್ದೆ. "ಮಂಗಳೂರಿನ ಜಯಕರ, ಐತಪ್ಪಣ್ಣನ ಶಿಷ್ಯ" ಎಂದು ಇಂಗ್ಲಿಷಿನಲ್ಲಿ ಸ್ಪಷ್ಟವಾಗಿ ಬರೆದಿದೆ. ಎಳನೀರು ಕುಡಿಸುವಾಗ ನಾನೇ ಹೇಳಿದ್ದೆ, ಆ ಬುದ್ಧಿಗೇಡಿತನವೂ ನನ್ನದೇ.

ನನಗೆ ಮೊದಲು ನೆನಪಾದದ್ದು ಪಡೀಲಿನ ಬೆಂಚು. ದುಬೈಗೆ ಮುಟ್ಟಿದ್ದು ಪಡೀಲಿಗೆ ಮುಟ್ಟಲು ಎಷ್ಟು ದಿನ ಬೇಕು?

ಡೆಸ್ಮಂಡನಿಗೆ ಬೈದು ಬರೆದೆ. ಅವನು ಆಮಂತ್ರಣ ಕಳಿಸಿದ! ಜುಲೈಯಲ್ಲಿ ಒಂದು ಉತ್ಸವ ಉಂಟು, ನೀನೇ ಬಂದು ಬಾರಿಸು, ಮಿಕ್ಕದ್ದು ಕೂತು ಮಾತಾಡುವ ಎಂದ. ಬೋಟುಗಳೆಲ್ಲ ದಡದಲ್ಲಿರುವ ಮಳೆಗಾಲ, ಅಂಗಡಿಯಲ್ಲಿ ನೊಣ ಹೊಡೆಯುವ ಸಮಯ. ಹೊರಟೆ.

ಬಜ್ಪೆ

ಏರ್‌ಪೋರ್ಟಿನಲ್ಲೇ ಸುರುವಾಯಿತು. ತಾಸೆಯನ್ನು ಕಂಡ ತಪಾಸಣೆಯವನು ಎರಡೂ ಕೈಯಲ್ಲಿ ಎತ್ತಿ ತಿರುಗಿಸಿ ಕೇಳಿದ, "ಇದು ಅಡುಗೆಯದ್ದಾ?" ಮಂಗಳೂರಿನಲ್ಲಿ ನಿಂತುಕೊಂಡು ತಾಸೆಯನ್ನು ಅಡುಗೆಯ ಪಾತ್ರೆ ಎನ್ನುವವನಿಗೆ ಎಂತ ಹೇಳುವುದು? ವಾದ್ಯ ಎಂದೆ. ತಾಸೆಯನ್ನು ಬಿಟ್ಟ, ಕೋಲನ್ನು ಹಿಡಿದ.

"ಕೋಲು ಒಳಗೆ ಬಿಡುವ ಹಾಗಿಲ್ಲ."

"ಕೋಲು ಇಲ್ಲದೆ ಇದನ್ನು ಎಂತದರಲ್ಲಿ ಬಾರಿಸುವುದು, ಹಣೆಯಲ್ಲಾ?"

"ಅದು ನನಗೆ ಗೊತ್ತಿಲ್ಲ. ಕೋಲು ಆಯುಧ."

ಇಪ್ಪತ್ತು ವರ್ಷ ನನ್ನ ಕೈಯಲ್ಲಿ ನಯವಾದ ಬೆತ್ತದ ಜೋಡಿ ಒಂದು ಪ್ಲಾಸ್ಟಿಕ್ ಟ್ರೇಯಲ್ಲಿ, ಯಾರದೋ ಉಗುರು ಕತ್ತರಿಯ ಪಕ್ಕದಲ್ಲಿ ಉಳಿಯಿತು. ದೊಡ್ಡ ಪೆಟ್ಟಿಗೆಯಲ್ಲಿ ಹಾಕಬೇಕಿತ್ತು ಎಂದು ನನ್ನ ಹೆಂಡತಿ ಹೇಮಾ ಮೂರು ಸಲ ಹೇಳಿದ್ದಳು. ಕೋಲು ಕೈಬಿಟ್ಟು ಹೋಗಬಾರದೆಂದು ನಾನೇ ಹಟ ಹಿಡಿದು ಕೈಚೀಲದಲ್ಲಿ ಇಟ್ಟುಕೊಂಡಿದ್ದೆ. ಈ ವಿಷಯವನ್ನು ಅವಳಿಗೆ ಇಂದಿನವರೆಗೂ ಹೇಳಿಲ್ಲ. ಇಲ್ಲಿ ಓದಿದರೆ ಓದಲಿ.

ಬ್ರಿಸ್ಟಲ್, ಗುರುವಾರ

ಡೆಸ್ಮಂಡ್ ಸ್ಟೇಷನ್ನಿಗೆ ಬಂದು ಅಪ್ಪಿಕೊಂಡ. "ಜೇ! ಬಂದೇಬಿಟ್ಟೆಯಲ್ಲ!" ಅಂದ. ಅಪ್ಪ ಅಮ್ಮ ಜಯಕರ ಎಂದು ಬಾಯಿತುಂಬ ಇಟ್ಟ ಹೆಸರು. ಅದನ್ನೂ ಕತ್ತರಿಸಿ ತಲೆಯ ತುಂಡನ್ನು ಮಾತ್ರ ಇಟ್ಟುಕೊಂಡ. ಇವನಿಗೆ ಇದು ಅಭ್ಯಾಸವೇ ಎಂದುಕೊಂಡೆ. ತನ್ನನ್ನು ಡೆಸ್ ಎನ್ನಬೇಕಂತೆ. ನಾನು ಡೆಸ್ಮಂಡ್ ಎಂದೇ ಕರೆದೆ, ಪೂರ್ತಿ, ಒಂದಕ್ಷರ ಬಿಡದೆ. ಅವನ ಇಂಗ್ಲಿಷನ್ನು ಇಲ್ಲಿ ನಮ್ಮ ಕನ್ನಡದಲ್ಲಿ ಬರೆಯುತ್ತೇನೆ, ಅಷ್ಟು ಸೇಡು ನಾನೂ ತೀರಿಸಿಕೊಳ್ಳಬೇಡವೇ?

ಅವನ ಮನೆಯಲ್ಲಿ ಅವನ ತಾಯಿ ಇದ್ದರು. ಹೆಸರು ಐವಿ. ಹುಡುಗಿಯಾಗಿದ್ದಾಗ ಜಮೈಕಾದಿಂದ ಹಡಗಿನಲ್ಲಿ ಬಂದವರು. ನಮ್ಮ ಕಡೆ ಕ್ರೈಸ್ತರ ಹಿರಿಯ ಹೆಂಗಸರನ್ನು ಕರೆಯುವ ಹಾಗೆ ನಾನು ಐವಿ ಬಾಯಿ ಎಂದೆ. ಅವರಿಗೆ ಇಷ್ಟವಾಯಿತು. ಊಟಕ್ಕೆ ಬಡಿಸಿದ್ದು ಎಂತ ಗೊತ್ತುಂಟಾ? ತೆಂಗಿನ ಹಾಲಿನಲ್ಲಿ ಕೆಂಪು ಕಾಳು ಹಾಕಿ ಬೇಯಿಸಿದ ಅನ್ನ, ಪಕ್ಕದಲ್ಲಿ ಉಪ್ಪು ಮೀನು. ಏಳು ಸಮುದ್ರ ದಾಟಿ ಬಂದರೂ ಒಣಮೀನು ನನ್ನನ್ನು ಬಿಡಲಿಲ್ಲ. ಮೊದಲ ತುತ್ತಿಗೆ ಸಿಟ್ಟು ಅರ್ಧ ಇಳಿಯಿತು. ಇಳಿದದ್ದಕ್ಕೆ ನನ್ನ ಮೇಲೆಯೇ ಸಿಟ್ಟು ಬಂತು.

ಕೋಲಿನ ಕತೆ ಕೇಳಿ ಐವಿ ಬಾಯಿ ಹಿತ್ತಲಿಗೆ ಹೋದರು. ಟೊಮೆಟೊ ಗಿಡಕ್ಕೆ ಊರಿದ್ದ ಬಿದಿರಿನ ಕಡ್ಡಿ ಎರಡನ್ನು ಕಿತ್ತು ತಂದು ಎದುರು ಇಟ್ಟರು. ಗಿಡ ಅಲ್ಲೇ ಮಗುಚಿತು. ನಾನು ಚಾಕುವಿನಲ್ಲಿ ಕೆತ್ತಿ ತೆಳ್ಳಗೆ ಮಾಡಿದೆ. ಪರವಾಗಿಲ್ಲ, ಕೈಗೆ ಕೂತಿತು.

ಆದರೆ ಅಲ್ಲಿನ ತಂಡಿಗೆ ತಾಸೆಯ ಚರ್ಮ ಒದ್ದೆ ಹಪ್ಪಳವಾಗಿತ್ತು. ನಮ್ಮಲ್ಲಿ ರಸ್ತೆ ಬದಿಯಲ್ಲಿ ನಾಲ್ಕು ಕಾಗದ ಉರಿಸಿ ಕಾಯಿಸುತ್ತೇವೆ, ಯಾರೂ ತಿರುಗಿ ನೋಡುವುದಿಲ್ಲ. ಇಲ್ಲಿ ಅಡುಗೆಮನೆಯ ಸಿಂಕಿನಲ್ಲಿ ಒಂದೇ ಒಂದು ಪೇಪರಿಗೆ ಬೆಂಕಿ ಇಟ್ಟದ್ದು. ಮನೆಯ ಮಾಡಿನಿಂದ ಯಾರೋ ಕಿರುಚಿದ ಹಾಗೆ ಅಲಾರಂ ಹೊಡೆಯಿತು. ಪಕ್ಕದ ಮನೆಯ ಹೆಂಗಸು ಗೌನಿನಲ್ಲೇ ಬೀದಿಗೆ ಬಂದು ನಿಂತಳು. ಬೆಂಕಿಯಿಲ್ಲದೆ ತಾಸೆ ಕಾಯಿಸುವುದು ಹೇಗೆ ಎಂದು ಯೋಚಿಸದೆ ಮನೆ ಕಟ್ಟುವವರು ಎಂಥ ಜನ! ಕೊನೆಗೆ ಐವಿ ಬಾಯಿ ತಮ್ಮ ಕೂದಲು ಒಣಗಿಸುವ ಮೆಷಿನ್ ಹಿಡಿದು, ಮಗುವಿನ ತಲೆ ಒರೆಸುವ ಹಾಗೆ ಮೆಲ್ಲ ಸುತ್ತ ಕಾಯಿಸಿಕೊಟ್ಟರು.

ಶುಕ್ರವಾರ, ಡೆಸ್ಮಂಡನ ಅಟ್ಟ

ಅಟ್ಟದ ಮೇಲೆ ಅವನ ಮೆಷಿನ್‌ಗಳ ರಾಜ್ಯ. ಗೋಡೆ ತುಂಬ ಕಪ್ಪು ರೆಕಾರ್ಡುಗಳು. ನಾನು ನೇರವಾಗಿ ಕೇಳಿದೆ, "ಇಡೀ ದಿನ ಬಾರಿಸಿದ್ದೇನೆ. ಐತಪ್ಪಣ್ಣನ ಪೆಟ್ಟು ಅಷ್ಟೂ ಉಂಟು, ಒಂದಕ್ಕಿಂತ ಒಂದು ಚಂದ. ಅದೆಲ್ಲ ಬಿಟ್ಟು ನಿನಗೆ ಅದೇ ಬೇಕಾಯಿತಾ?"

ಅವನು ತಾಳ್ಮೆಯಿಂದ ವಿವರಿಸಿದ. ಹಿಂದಿನ ಕಾಲದ ರೆಕಾರ್ಡುಗಳಲ್ಲಿ ಹಾಡಿನ ನಡುವೆ ಮಿಕ್ಕವರೆಲ್ಲ ಸುಮ್ಮನಾಗಿ ಡ್ರಮ್ಮಿನವನೊಬ್ಬನೇ ನಾಲ್ಕೈದು ಸೆಕೆಂಡು ಬಾರಿಸುವ ಜಾಗ ಇರುತ್ತಿತ್ತಂತೆ. ಅದಕ್ಕೆ ಬ್ರೇಕ್ ಎನ್ನುತ್ತಾರೆ. ಕುಣಿಯುವವರು ಅದಕ್ಕೇ ಕಾಯುವುದನ್ನು ಕಂಡ ಡಿಜೆಗಳು ಒಂದೇ ರೆಕಾರ್ಡಿನ ಎರಡು ಪ್ರತಿ ಇಟ್ಟುಕೊಂಡು, ಒಂದಾದ ಮೇಲೆ ಒಂದರಲ್ಲಿ ಅಷ್ಟನ್ನೇ ಎಳೆದೆಳೆದು ಹಾಕಿದರು. ಆಮೇಲೆ ಬಂದವರು ಅದನ್ನು ಚೂರು ಮಾಡಿ, ಓಟ ಹೆಚ್ಚಿಸಿ, ಹಿಂದುಮುಂದು ಜೋಡಿಸಿದರು. ಅದೇ ಬ್ರೇಕ್‌ಬೀಟ್. ಅದರಿಂದ ಜಂಗಲ್, ಡ್ರಮ್ ಆಂಡ್ ಬೇಸ್, ಬಿಗ್ ಬೀಟ್ ಎಂದು ಮಕ್ಕಳು ಮೊಮ್ಮಕ್ಕಳು. ಒಂದೊಂದನ್ನೂ ಹಾಕಿ ತೋರಿಸಿದ. ನನಗೆ ಎಲ್ಲವೂ ಟಿನ್ ಶೀಟಿನ ಮೇಲೆ ಹಲಸಿನ ಕಾಯಿ ಬಿದ್ದ ಹಾಗೆ ಕೇಳಿತು. ಆದರೆ ಹುಲಿವೇಷದ ಒಂದು ತಂಡದ ಪೆಟ್ಟಿಗೂ ಇನ್ನೊಂದರ ಪೆಟ್ಟಿಗೂ ಇರುವ ವ್ಯತ್ಯಾಸ ಹೊರಗಿನವರಿಗೆ ಗೊತ್ತಾಗುತ್ತದಾ? ಹಾಗಾಗಿ ಬಾಯಿ ಮುಚ್ಚಿ ಕುಳಿತೆ.

"ನೀನು ಸರಿಯಾಗಿ ಬಾರಿಸಿದ್ದು ಬಹಳ ಚಂದ ಉಂಟು ಜೇ," ಎಂದ. "ಆದರೆ ಸರಿಯಾದದ್ದನ್ನು ನನ್ನ ಮೆಷಿನ್ನೂ ಮಾಡ್ತದೆ. ಆ ನಾಲ್ಕು ಸೆಕೆಂಡು ಯಾವ ಮೆಷಿನ್ನಿಗೂ ಬರುವುದಿಲ್ಲ."

ಇದು ಹೊಗಳಿಕೆಯಾ? ನೀವೇ ಹೇಳಿ! ಎಂಟು ಚೌಕ ಬಟನ್ ಇರುವ ಒಂದು ಪೆಟ್ಟಿಗೆ ಎಳೆದು, "ಇದು ನಿನ್ನದು" ಎಂದು ಒಂದನ್ನು ಒತ್ತಿದ. ಎಡಗೈ ತಡ. ಪಕ್ಕದ್ದನ್ನು ಒತ್ತಿದ. ಬಲಗೈಯ ಎರಡು ಗಡಿಬಿಡಿ. ನಮ್ಮ ಊರಿನಲ್ಲಿ ತಪ್ಪು ಮಾಡಿದರೆ ಬೈಯುತ್ತಾರೆ, ನಗುತ್ತಾರೆ, ಮರೆಯುತ್ತಾರೆ. ಯಾರೂ ಅದಕ್ಕೊಂದು ಬಟನ್ ಮಾಡಿ, ಬೇಕೆಂದಾಗ ಒತ್ತಿ ಕೇಳುವುದಿಲ್ಲ.

"ಇದು ತಪ್ಪು ಮಾರಾಯ! ಕೈ ಜಾರಿದ್ದು! ನೋಡು, ತಪ್ಪು ಹೇಗೆ, ಸರಿ ಹೇಗೆ ಎಂದು ತೋರಿಸ್ತೇನೆ," ಎಂದು ಟೊಮೆಟೊ ಕಡ್ಡಿ ಎತ್ತಿಕೊಂಡೆ. ಸರಿಯಾದದ್ದನ್ನು ಬಾರಿಸಿದೆ. ಈಗ ತಪ್ಪಾದದ್ದನ್ನು ಬಾರಿಸಬೇಕು. ಎಡಗೈ ತಡ ಮಾಡಿದೆ, ಆಗಲಿಲ್ಲ. ಹೆಚ್ಚು ತಡವಾಯಿತು. ಮತ್ತೆ ಮಾಡಿದೆ, ಸರಿಯಾಗಿಯೇ ಬಂತು. ಹತ್ತು ಸಲ, ಇಪ್ಪತ್ತು ಸಲ. ಆ ಹಾಳು ತಪ್ಪು ಕೈಗೆ ಬರಲೇ ಇಲ್ಲ. ಡೆಸ್ಮಂಡ್ ಚಾ ಮಾಡಲು ಕೆಳಗೆ ಹೋದ. ಅದು ನನ್ನನ್ನು ಇನ್ನೂ ಉರಿಸಿತು.

ಕೆಳಗೆ ಚಾ ಕುಡಿಯುವಾಗ ನಾನು ಖಡಾಖಂಡಿತವಾಗಿ ಹೇಳಿದೆ: ಅದನ್ನು ತೆಗೆಯಬೇಕು, ಸರಿಯಾದ ಪೆಟ್ಟು ಹಾಕಬೇಕು, ಐತಪ್ಪಣ್ಣನ ಕಿವಿಗೆ ಬೀಳುವ ಮೊದಲು. ಅವನು ತಲೆಯಾಡಿಸಿದ. ಭಾನುವಾರ ಜನರ ಎದುರು ಸರಿಯಾದದ್ದನ್ನು ಬಾರಿಸು, ಆಮೇಲೆ ನೀನು ಹೇಳಿದ ಹಾಗೆ ಎಂದ.

ಭಾನುವಾರ ಮಧ್ಯಾಹ್ನ, ದಕ್ಕೆಯ ಗೋದಾಮು

ಉತ್ಸವ ನಡೆದದ್ದು ಹಡಗು ಕಟ್ಟುವ ಹಳೆಯ ದಕ್ಕೆಯ ಒಂದು ಗೋದಾಮಿನಲ್ಲಿ. ನಮ್ಮ ಬಂದರಿನ ಗೋದಾಮುಗಳನ್ನು ತೊಳೆದು, ಮೆಣಸಿನ ಚೀಲಗಳನ್ನು ಹೊರಗೆ ಹಾಕಿ, ಆಳೆತ್ತರದ ಸ್ಪೀಕರ್ ಇಟ್ಟರೆ ಹೇಗೋ ಹಾಗೆ. ಹೊರಗೆ ಜನ ಒಬ್ಬರ ಹಿಂದೆ ಒಬ್ಬರು, ಯಾರೂ ನೂಕದೆ ಸಾಲು ನಿಂತಿದ್ದರು. ರೇಷನ್ನಿಗೂ ನಾವು ಅಷ್ಟು ವಿಧೇಯರಾಗಿ ನಿಂತವರಲ್ಲ. ಬಾಗಿಲಿನಲ್ಲಿ ಒಬ್ಬಳು ನನ್ನ ಕೈಗೆ ಎರಡು ಸ್ಪಂಜಿನ ಬಿರಡೆ ಕೊಟ್ಟಳು.

"ಇದೆಂತ?"

"ಕಿವಿಗೆ. ಒಳಗೆ ಶಬ್ದ ಜೋರು ಇರ್ತದೆ."

ಕೇಳಲಿಕ್ಕೆಂದು ಕರೆದು, ಬಾಗಿಲಿನಲ್ಲೇ ಕಿವಿ ಮುಚ್ಚಿಸುವ ಪದ್ಧತಿ! ಊಟಕ್ಕೆ ಕರೆದು ಎಲೆಯ ಬದಿಯಲ್ಲಿ ಬಾಯಿಗೊಂದು ಬೀಗ ಇಟ್ಟ ಹಾಗೆ. ನಾನು ಬಿರಡೆಯನ್ನು ಜೇಬಿಗೆ ಹಾಕಿದೆ. ಆಮೇಲೆ ಪಶ್ಚಾತ್ತಾಪಪಟ್ಟೆ, ಆ ಮಾತು ಬೇರೆ.

ಮೂರು ಗಂಟೆಗೆ ನಮ್ಮ ಸರದಿ. ಎತ್ತರದಲ್ಲಿ ಡೆಸ್ಮಂಡ್ ಎರಡು ರೆಕಾರ್ಡು ತಿರುಗಿಸುತ್ತಿದ್ದ, ಪಕ್ಕದಲ್ಲಿ ತಾಸೆ ಕಟ್ಟಿಕೊಂಡು ನಾನು. ಐತಪ್ಪಣ್ಣನ ಪೆಟ್ಟನ್ನು ನಿಧಾನದಿಂದ ಹಿಡಿದು ಏರಿಸುತ್ತ ಹೋದೆ. ಜನ ಕುಣಿದರು. ಚಪ್ಪಾಳೆಯೂ ಬಂತು. ತಲೆ ಬೋಳಿಸಿದ ಗಟ್ಟಿ ಆಳೊಬ್ಬ ಮುಂದೆಯೇ ನಿಂತು ಕಣ್ಣು ಮುಚ್ಚಿ ಕಾಲು ಎತ್ತುತ್ತಿದ್ದ. ಹಳದಿ ಬಣ್ಣ ಬಳಿದರೆ ನಮ್ಮ ತಂಡಕ್ಕೆ ಸೇರಿಸಬಹುದಾದ ಹುಲಿ. ಸರಿಯಾದದ್ದನ್ನು ಕೇಳಿದರಲ್ಲ, ಇನ್ನು ಆ ತಪ್ಪನ್ನು ಇವರೇ ಬೇಡ ಅಂತಾರೆ ಎಂದು ನನಗೆ ಧೈರ್ಯ ಬಂತು.

ಅಷ್ಟರಲ್ಲಿ ಡೆಸ್ಮಂಡ್ ಅದನ್ನು ಹಾಕಿದ. ನನ್ನ ನಾಲ್ಕು ಸೆಕೆಂಡನ್ನು.

ಎಡಗೈ ತಡ, ಬಲಗೈಯ ಎರಡು ಗಡಿಬಿಡಿ. ಆಮೇಲೆ ಠಪ್! ಮುಂದಿದ್ದವರು ಅಡ್ಡ ಕಟ್ಟಿದ ಮರದ ಹಲಗೆಗೆ ಅಂಗೈ ಬಡಿದರು. ಠಪ್, ಠಪ್, ಠಪ್! ಹಿಂದಿದ್ದವರು ಗೋಡೆಗೆ ಬಡಿದರು. ಬಾಯಿಗೆ ಬಂದ ಹಾಗೆ ಕೂಗಿದರು. ಡೆಸ್ಮಂಡ್ ರೆಕಾರ್ಡಿನ ಮೇಲೆ ಕೈ ಇಟ್ಟು, ಸುಯ್ಯಂತ ಹಿಂದಕ್ಕೆ ತಿರುಗಿಸಿ, ಎಲ್ಲವನ್ನೂ ನಿಲ್ಲಿಸಿದ. ಪುನಃ ಸುರುವಿನಿಂದ ಹಾಕಿದ.

ನನ್ನ ಕಿವಿಗೆ ಕೇಳಿದ್ದು ಪಡೀಲಿನ ಬೆಂಚು. ಠಪ್. ನಿಲ್ಸು. ಸುರುವಿಂದ. ಒಬ್ಬ ಐತಪ್ಪಣ್ಣ ಅಲ್ಲ, ಇನ್ನೂರು ಐತಪ್ಪಣ್ಣಂದಿರು! ನನ್ನ ತಪ್ಪನ್ನು ಇನ್ನೂರು ಜನ ಒಟ್ಟಿಗೆ ಹಿಡಿದಿದ್ದಾರೆ. ಅದೂ ಆ ಬೋಳುತಲೆಯವನು ಕುಣಿಯುತ್ತಿರುವಾಗಲೇ, ನಡುವಿನಲ್ಲೇ, ನಿಲ್ಲಿಸಿಬಿಟ್ಟಿದ್ದಾರೆ. ನಾಚಿಕೆಯಿಂದ ಮೈಯೆಲ್ಲ ಬೆಂಕಿ. ಕರೆಸಿ ಅವಮಾನ ಮಾಡುವುದಾ? ತಾಸೆಯನ್ನು ಬಿಚ್ಚಿ ಕಂಕುಳಲ್ಲಿ ಇಟ್ಟುಕೊಂಡು, ಯಾರ ಮುಖವನ್ನೂ ನೋಡದೆ ಹಿಂದಿನ ಬಾಗಿಲಿನಿಂದ ಹೊರಗೆ ಬಂದೆ. ಒಳಗೆ ಇನ್ನೊಮ್ಮೆ ಠಪ್ ಠಪ್ ಕೇಳಿತು.

ಅದೇ ದಿನ, ನೀರಿನ ಬದಿ

ದಕ್ಕೆಯ ಅಂಚಿನಲ್ಲಿ ಹಡಗಿನ ಹಗ್ಗ ಸುತ್ತುವ ಕಬ್ಬಿಣದ ಗೂಟದ ಮೇಲೆ ಕುಳಿತೆ. ಜಿಟಿಜಿಟಿ ಮಳೆ. ಪಕ್ಕದ ದೋಣಿಗೆ ಕಟ್ಟಿದ್ದ ಹಗ್ಗ ಬಿಸಿಲು ತಿಂದು ಪುಡಿಯಾಗುವ ಸ್ಥಿತಿ; ಅಂಥದ್ದನ್ನು ನಾನು ದನ ಕಟ್ಟಲೂ ಕೊಡುವುದಿಲ್ಲ. ಹಗ್ಗದ ಮರ್ಯಾದೆ ಗೊತ್ತಿಲ್ಲದವರಿಗೆ ತಾಸೆಯ ಮರ್ಯಾದೆ ಎಲ್ಲಿಂದ ಗೊತ್ತಾಗಬೇಕು ಎಂದು ಗೊಣಗಿಕೊಂಡೆ.

ಐವಿ ಬಾಯಿ ಕೊಡೆ ಹಿಡಿದುಕೊಂಡು ಬಂದರು. ಮಗನ ಕಾರ್ಯಕ್ರಮಕ್ಕೆಂದು ಹೊಸ ಹ್ಯಾಟು ಇಟ್ಟುಕೊಂಡಿದ್ದರು.

"ಯಾಕೆ ಮಗಾ ಎದ್ದು ಬಂದೆ?"

"ಇನ್ನೂ ಕೂತಿರಬೇಕಿತ್ತಾ? ತಪ್ಪು ಹಿಡಿದು, ಹಲಗೆ ಬಡಿದು, ನಿಲ್ಲಿಸಿ, ಸುರುವಿಂದ ಹಾಕಿಸಿದ್ರಲ್ಲ. ಹದಿನೆಂಟು ವರ್ಷದ ಹುಡುಗನಾಗಿ ತಿಂದದ್ದನ್ನು ಐವತ್ತು ವರ್ಷದಲ್ಲಿ ಪುನಃ ತಿನ್ನಬೇಕಾ?"

ಅವರಿಗೆ ಅರ್ಥವಾಗಲಿಲ್ಲ. ನಾನು ಶೆಡ್ಡು, ಬೆಂಚು, ಕೋಲು ಎಲ್ಲ ಹೇಳಿದೆ. ಹೇಳುತ್ತ ಹೋದ ಹಾಗೆ ಅವರ ಭುಜ ಕುಲುಕತೊಡಗಿತು. ನಗುತ್ತಿದ್ದರು! ಕಣ್ಣೀರು ಒರೆಸಿಕೊಂಡು ಹೇಳಿದರು, ತಮ್ಮ ಕಡೆ ಹಾಡು ಎದೆಗೆ ತಾಗಿದರೆ ಜನ ಅದನ್ನು ಮುಂದೆ ಹೋಗಲು ಬಿಡುವುದಿಲ್ಲ. ಗೋಡೆ ಬಡಿದು ನಿಲ್ಲಿಸಿ, ಅದನ್ನೇ ಸುರುವಿನಿಂದ ಹಾಕಿಸುತ್ತಾರೆ. ಜಮೈಕಾದಲ್ಲೂ ಹಾಗೆ, ಇಲ್ಲಿಯೂ ಹಾಗೆ. ಅದಕ್ಕಿಂತ ದೊಡ್ಡ ಗೌರವ ಇಲ್ಲ. ಡೆಸ್ಮಂಡನಿಗೇ ಇಡೀ ವರ್ಷದಲ್ಲಿ ಒಂದೋ ಎರಡೋ ಸಲ ಸಿಗುತ್ತದಂತೆ. ನಿನಗೆ ಇಂದು ಎರಡು ಸಲ ಸಿಕ್ಕಿತು ಎಂದರು.

ನನಗೆ ಸಮಾಧಾನ ಆಯಿತೆಂದುಕೊಂಡಿರಾ? ಇಲ್ಲ. ಸಿಟ್ಟು ಒಂದು ಕಡೆಯಿಂದ ಎದ್ದು ಇನ್ನೊಂದು ಕಡೆ ಕುಳಿತುಕೊಂಡಿತು. ಮೆಚ್ಚಿದ್ದನ್ನು ನಿಲ್ಲಿಸುವುದು ಎಂಥ ಮೆಚ್ಚುಗೆ? ಕುಣಿಯುವವನ ಕಾಲು ಗಾಳಿಯಲ್ಲಿರುವಾಗ ಬಡಿತ ನಿಂತರೆ ಅವನು ಎಲ್ಲಿ ಕಾಲು ಇಡಬೇಕು? ಅದಿರಲಿ, ಸರಿಯಾಗಿ ಬಾರಿಸಿದಾಗ ಬರೇ ಚಪ್ಪಾಳೆ, ತಪ್ಪಿದ್ದಕ್ಕೆ ಈ ದೊಡ್ಡ ಗೌರವ! ಹಾಗಾದರೆ ನಾನು ಮೂವತ್ತೆರಡು ವರ್ಷ ಕಲಿತದ್ದು ಎಂತಕ್ಕೆ? ಮೊದಲ ದಿನವೇ ಜಾರಿ ಬೀಳಬಹುದಿತ್ತಲ್ಲ?

ಇದನ್ನೆಲ್ಲ ಜೋರಾಗಿಯೇ ಹೇಳಿದೆ. ಡೆಸ್ಮಂಡ್ ಅಷ್ಟರಲ್ಲಿ ಬಂದು ಹಿಂದೆ ನಿಂತಿದ್ದ, ಮಳೆಯಲ್ಲಿ ನೆನೆಯುತ್ತ.

"ತೆಗೆಯುತ್ತೇನೆ ಜಯಕರ," ಎಂದ. ಮೊದಲ ಸಲ ಪೂರ್ತಿ ಹೆಸರು. "ಕೈ ನಿನ್ನದು, ಮಾತೂ ನಿನ್ನದೇ. ಆದರೆ ಸಿಟ್ಟಿನಲ್ಲಿ ಹೇಳಬೇಡ. ಊರಿಗೆ ಹೋಗಿ ಒಂದು ಮೆಸೇಜು ಹಾಕು. 'ತೆಗೆ' ಎಂದರೆ ಸಾಕು, ಅದೇ ದಿನ ತೆಗೆಯುತ್ತೇನೆ."

"ಅದಕ್ಕೆ ಮೊದಲು ನಿನ್ನ ಗುರುವಿಗೆ ಒಮ್ಮೆ ಕೇಳಿಸು," ಎಂದರು ಐವಿ ಬಾಯಿ.

"ಅವರಿಗೆ ಕೇಳಿಸಬಾರದು ಎಂದಲ್ವಾ ನಾನು ಇಷ್ಟು ದೂರ ಬಂದದ್ದು!"

ಪಡೀಲ್

ಊರಿಗೆ ಬಂದ ಮರುದಿನ ಬೆಳಗ್ಗೆ ಪಡೀಲಿಗೆ ಹೋದೆ. ಎಲ್ಲಿಗೆ ಹೋಗಿ ಬಂದರೂ ಐತಪ್ಪಣ್ಣನ ಕಾಲು ಮುಟ್ಟದೆ ಅಂಗಡಿ ತೆರೆಯುವ ಕ್ರಮ ನನಗಿಲ್ಲ. ಗೇಟಿನ ಹೊರಗೆ ನಿಂತು ಫೋನಿನಲ್ಲಿ ಡೆಸ್ಮಂಡನಿಗೆ "ತೆಗೆ" ಎಂದು ಟೈಪು ಮಾಡಿದೆ. ಹೊರಗೆ ಬಂದ ಕೂಡಲೇ ಕಳಿಸುವುದೆಂದು ಹಾಗೆಯೇ ಜೇಬಿಗೆ ಹಾಕಿದೆ.

ಚಾವಡಿಯಲ್ಲಿ ಅದೇ ಬೆಂಚು. ಶೆಡ್ಡು ಹೋದರೂ ಬೆಂಚನ್ನು ಬಿಡದೆ ಮನೆಗೆ ತಂದಿದ್ದಾರೆ. ಅದರ ಮೇಲೆ ಐತಪ್ಪಣ್ಣ, ಪಕ್ಕದಲ್ಲಿ ಊರುಗೋಲು. ನಾನು ಬಿಸ್ಕತ್ತಿನ ಡಬ್ಬಿ ಇಟ್ಟು ಕಾಲು ಮುಟ್ಟಿದೆ. ಮಗಳು ಶಾರದಕ್ಕ ಚಾ ತಂದರು. ನಾವು ಮಾತಾಡಿದ್ದು ತುಳುವಿನಲ್ಲಿ, ಬರೆಯುವುದು ಮಾತ್ರ ಕನ್ನಡದಲ್ಲಿ.

"ಅಲ್ಲಿಯ ಜನಕ್ಕೆ ಎಂತ ಕೇಳಿಸಿದಿ?" ಎಂದರು.

"ನಿಮ್ಮ ಪೆಟ್ಟೇ ಐತಪ್ಪಣ್ಣ. ಸುರುವಿಂದ ಕಡೆಯವರೆಗೆ."

"ಅದು ನನಗೆ ಗೊತ್ತುಂಟು. ಫೋನಿನಲ್ಲಿ ಬೇರೆ ಎಂತದೋ ಉಂಟಂತಲ್ಲ?"

ಶಾರದಕ್ಕ ನನ್ನ ಮುಖ ನೋಡದೆ ಒಳಗೆ ಹೋದರು. ಗೊತ್ತಾಯಿತು. ಬಂದರಿನಿಂದ ಪಡೀಲಿಗೆ ಸುದ್ದಿ ಮುಟ್ಟಿಯಾಗಿದೆ. ಸುಳ್ಳು ಹೇಳುವ ಧೈರ್ಯ ನನಗೆ ಹದಿನೆಂಟರಲ್ಲೂ ಇರಲಿಲ್ಲ, ಈಗಲೂ ಇಲ್ಲ. ಫೋನು ತೆಗೆದು ಅದನ್ನು ಹಾಕಿದೆ.

ಎಡಗೈ ತಡ. ಬಲಗೈಯ ಎರಡು ಗಡಿಬಿಡಿ.

ಠಪ್! ಊರುಗೋಲು ಬೆಂಚಿಗೆ ಬಿತ್ತು. "ನಿಲ್ಸು."

ನಿಲ್ಲಿಸಿದೆ. "ತಪ್ಪಾಯ್ತು ಐತಪ್ಪಣ್ಣ. ಕೈ ಜಾರಿತು. ತೆಗೀಲಿಕ್ಕೆ ಹೇಳ್ತೇನೆ, ಇವತ್ತೇ."

"ಕೈ ಅಲ್ಲ," ಎಂದರು. "ಕಾಲು."

ನಾನು ಇದನ್ನು ಯಾರಿಗೂ ಹೇಳಿರಲಿಲ್ಲ. ಡೆಸ್ಮಂಡನಿಗೂ ಕೈ ಎಂದೇ ಹೇಳಿದ್ದೆ. ಹಗ್ಗದ ಅಂಗಡಿಯವನು ತನ್ನದೇ ಬಂದರಿನಲ್ಲಿ ಜಾರಿದ ಎಂದು ಹೇಳಿಕೊಳ್ಳಲು ಯಾರಿಗೆ ಮನಸ್ಸು ಬರುತ್ತದೆ?

"ಹೌದು. ಮೀನಿನ ಐಸಿನ ನೀರು ಇತ್ತು."

"ಬಿದ್ದೆಯಾ?"

"ಒಂದು ಮೊಣಕಾಲು ನೆಲಕ್ಕೆ ತಾಗಿತು."

"ಹುಲಿ ನಿಂತಿತಾ?"

"ಇಲ್ಲ."

"ಯಾಕೆ ನಿಲ್ಲಲಿಲ್ಲ?"

ಐತಪ್ಪಣ್ಣ ಊರುಗೋಲನ್ನು ತೊಡೆಯ ಮೇಲೆ ಅಡ್ಡ ಇಟ್ಟುಕೊಂಡರು.

"ಮೊಣಕಾಲು ಊರಿದವ ತಾಸೆ ನಿಲ್ಲಿಸಲಿಲ್ಲ. ಹಾಗಾಗಿ ಹುಲಿ ನಿಲ್ಲಲಿಲ್ಲ. ಸುರುವಿಂದ ಹಾಕು."

ಹಾಕಿದೆ. ನನಗೆ ಕಣ್ಣು ತುಂಬಿ ಬಂತು, ಅದರ ಹಿಂದೆಯೇ ಅಸಾಧ್ಯ ಸಿಟ್ಟೂ ಬಂತು. ಮೂವತ್ತೆರಡು ವರ್ಷ! ಮಳೆಯಲ್ಲಿ, ಬಿಸಿಲಿನಲ್ಲಿ, ಜ್ವರದಲ್ಲಿ, ಒಂದು ಪೆಟ್ಟು ಆಚೀಚೆ ಆಗದಂತೆ ಬಾರಿಸಿದ್ದೇನೆ. ಅದಕ್ಕೆ ಒಂದು ದಿನ ತಲೆ ಆಡಿಸದ ಮನುಷ್ಯ, ಮೀನಿನ ನೀರಿನಲ್ಲಿ ಜಾರಿದ್ದಕ್ಕೆ ಕಣ್ಣು ಮುಚ್ಚಿಕೊಂಡು ಕುಳಿತಿದ್ದಾರೆ. ಹಾಗಾದರೆ ಇವರಿಗೂ ಬ್ರಿಸ್ಟಲಿನವರಿಗೂ ಎಂತ ವ್ಯತ್ಯಾಸ? ಠಪ್. "ನಿಲ್ಸು. ಸುರುವಿಂದ." ಪುನಃ ಹಾಕಿದೆ. ನಾಲ್ಕನೆಯ ಸಲಕ್ಕೆ ಅವರ ಬೆರಳು ಬೆಂಚಿನ ಮೇಲೆ ಆಡತೊಡಗಿತು. ಎಡಗೈ ತಡ, ಬಲಗೈಯ ಎರಡು ಗಡಿಬಿಡಿ, ಅಳತೆ ತಪ್ಪದೆ. ಅಟ್ಟದಲ್ಲಿ ಇಪ್ಪತ್ತು ಸಲ ಮಾಡಿದರೂ ನನಗೆ ಬಾರದ್ದು ಎಂಬತ್ತು ದಾಟಿದ ಆ ಬೆರಳಿಗೆ ಬಂತು.

ಕಳಿಸದೆ ಇಟ್ಟಿದ್ದ 'ತೆಗೆ' ಮೆಸೇಜಿನ ನೆನಪಾದದ್ದು ಆಗ. ಫೋನು ಹೇಗೂ ಕೈಯಲ್ಲೇ ಇತ್ತು. ಅಳಿಸಿದೆ.

ಠಪ್.

"ಎಷ್ಟು ಸಲ ಐತಪ್ಪಣ್ಣ?" ಎಂದೆ ರೇಗಿ. "ನನಗೆ ಅಂಗಡಿ ತೆರೀಲಿಕ್ಕುಂಟು."

"ಅಂಗಡಿ ಎಲ್ಲಿಗೂ ಓಡುವುದಿಲ್ಲ," ಎಂದರು ಕಣ್ಣು ತೆರೆಯದೆ. "ಸುರುವಿಂದ ಹಾಕು ಮಾರಾಯ."

ಹಾಕಿದೆ.